ಠಾಣೆಗೆ ಹೋದ ಖಾರದಪುಡಿ

ಠಾಣೆಯಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಅಲ್ಲಿ ಒಲೆಯೇ ಇಲ್ಲ. ಇದು ನಿಮಗೆ ಗೊತ್ತು. ಆದರೂ ಯಲ್ದೂರು ದಾರಿಯ ಒಂದು ಊರಿನ ಠಾಣೆಗೆ ಆಗಾಗ ಒಂದೊಂದು ಪಾವು ಖಾರದಪುಡಿ ಹೋಗುತ್ತಿತ್ತು. ಕುಟ್ಟಿಕೊಡುತ್ತಿದ್ದವಳು ಮುತ್ಯಾಲಮ್ಮ.

ಗಂಡ ಸತ್ತ ಮೇಲೆ ಒನಕೆಯೇ ಅವಳ ಜೀವನ. ಮನೆಮುಂದಿನ ಒರಳಲ್ಲಿ ಊರಿಗೆಲ್ಲ ಖಾರ ಕುಟ್ಟಿ ತಮ್ಮ ಕದಿರಪ್ಪನನ್ನು ಸಾಕಿದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಸೀನುತ್ತ, ಬಂದವರನ್ನು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಯಾತಕ್ಕಮ್ಮಾ? ಸಾರಿಗಾ, ಉಪ್ಪಿನಕಾಯಿಗಾ?" ಸಾರಿಗಾದರೆ ನುಣ್ಣಗೆ, ಉಪ್ಪಿನಕಾಯಿಗಾದರೆ ತರಿತರಿ. ಪೊಲೀಸಿನವರನ್ನು ಮಾತ್ರ ಕೇಳುತ್ತಿರಲಿಲ್ಲ. ನುಣ್ಣಗೆ ಕುಟ್ಟಿ, ತಲೆ ತಗ್ಗಿಸಿ ಕೊಡುತ್ತಿದ್ದಳು. ಠಾಣೆಯಿಂದ ಹೊರಬಂದವರ ಕೆಂಡದಂಥ ಕಣ್ಣುಗಳನ್ನು ಊರೆಲ್ಲ ನೋಡಿತ್ತು, ಅವಳೂ ನೋಡಿದ್ದಳು. ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂಬ ಹೆದರಿಕೆ.

ಯುದ್ಧ ಶುರುವಾದ ವರ್ಷ ಪಟೇಲರ ಕೊಟ್ಟಿಗೆಯಿಂದ ಜೋಡೆತ್ತು ಮಾಯವಾದವು. ಕದಿರಪ್ಪನನ್ನು ಹಿಡಿದರು. ಕದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ಹೇಳುವುದು ಕೋರ್ಟಿನ ಕೆಲಸ. ಠಾಣೆಯ ದಫೇದಾರನ ಕೈಗೆ ಆ ಅಧಿಕಾರ ಕೊಟ್ಟವರು ಯಾರು?

ಮಾರನೆಯ ದಿನ ಸಂತೆ. ಒರಳಿನ ಸುತ್ತ ಹೆಂಗಸರು ಮೆಣಸಿನಕಾಯಿ ತಂದು ಕಾಯುತ್ತಿದ್ದರು. ಪೇದೆ ಬಂದು ನಿಂತ.

"ಏಮಮ್ಮಾ ಮುತ್ಯಾಲಮ್ಮಾ, ಒಂದು ಪಾವು ಖಾರ ಹಾಕು."

ಒನಕೆ ನಿಂತಿತು. ತಮ್ಮ ಒಳಗಿದ್ದಾನೆ.

"ಯಾತಕ್ಕಪ್ಪಾ?" ಎಂದಳು. "ಸಾರಿಗಾ, ಉಪ್ಪಿನಕಾಯಿಗಾ?"

ಪೇದೆ ನಕ್ಕ. "ನಿನ್ ತಮ್ಮನ್ನೇ ಉಪ್ಪಿನಕಾಯಿ ಹಾಕ್ತಾವ್ರೆ ಕಣಮ್ಮೋ. ಬಿರ್‍ರನೆ ಕೊಡು."

ಯಾರೂ ನಗಲಿಲ್ಲ. ಅವಳು ಒರಳಿನ ಮೇಲೆ ಮೊರ ಮುಚ್ಚಿದಳು. "ಕೊಡಾಕಿಲ್ಲ."

ಪೇದೆ ಹೋಗಿ ದಫೇದಾರನನ್ನೇ ಕರೆತಂದ. ಬೂಟಿನ ಸದ್ದು ಕೇಳಿದ್ದೇ ಹೆಂಗಸರು ಒಬ್ಬೊಬ್ಬರಾಗಿ ಸರಿದರು.

"ಏನಮ್ಮಿ, ಸರ್ಕಾರಕ್ಕೇ ಇಲ್ಲ ಅಂತೀಯಾ? ನಿನ್ನೂವೆ ಒಳಗ್ ಹಾಕ್ಬೇಕಾ?"

ಒನಕೆಗೇ ಆತುಕೊಂಡು ನಿಂತಳು. "ಯಾತಕ್ಕೆ ಅಂತ ಹೇಳಿ ಸ್ವಾಮಿ. ಹೇಳಿದ್ರೆ ಕುಟ್ತೀನಿ."

ದಫೇದಾರ ಹೇಳಲಿಲ್ಲ. ಸಂತೆಗೆ ಹೊರಟ ಜನ ನಿಂತು ನೋಡುತ್ತಿದ್ದರು. ಮೊರವನ್ನು ಒದ್ದು, ಎದುರಿನ ನರಸಿಂಹಪ್ಪನ ಅಂಗಡಿಗೆ ಹೋದ. ನರಸಿಂಹಪ್ಪ ಏನೂ ಕೇಳಲಿಲ್ಲ. ಮುತ್ತುಗದೆಲೆಯಲ್ಲಿ ಪೊಟ್ಟಣ ಕಟ್ಟಿ, ಎದ್ದು ನಿಂತು, ಎರಡೂ ಕೈಯಲ್ಲಿ ಕೊಟ್ಟ.

ಆ ಪೊಟ್ಟಣ ಬೀದಿ ದಾಟಿ ಠಾಣೆಯೊಳಗೆ ಹೋಗುವುದನ್ನು ಮುತ್ಯಾಲಮ್ಮ ನೋಡಿದಳು. ಮಧ್ಯಾಹ್ನ ಆ ಕಡೆಯಿಂದ ಕೂಗು ಕೇಳಿದಾಗ ಸಂತೆಯ ದಿನವೂ ಅಂಗಡಿಗಳು ಬಾಗಿಲು ಹಾಕಿಕೊಂಡವು.

ಕದಿರಪ್ಪ ಕದ್ದೆನೆಂದು ಒಪ್ಪಿಕೊಂಡ. ಈಗ ಶಿಕ್ಷೆ ಮುಗಿಸಿ ಮನೆಗೆ ಬಂದಿದ್ದಾನೆ, ಬಲಗಣ್ಣು ಕಾಣುವುದಿಲ್ಲ. ಅಕ್ಕನ ಒರಳಿಗೆ ಯಾರೂ ಬರುವುದಿಲ್ಲ. ಠಾಣೆಯ ಕಣ್ಣು ಬಿದ್ದ ಮನೆ. ಬೀದಿಯಲ್ಲಿ ಬೂಟು ಸದ್ದಾದರೆ ಅವಳು ಅಗಳಿ ಹಾಕಿ, ತಮ್ಮನನ್ನು ಹಿಂದಿನ ಗೋಡೆಗೆ ಕೂರಿಸಿ, ಅಡ್ಡ ನಿಲ್ಲುತ್ತಾಳೆ. ದಫೇದಾರನನ್ನು ಮಾತ್ರ ಯಾವ ಅಧಿಕಾರಿಯೂ ಇವತ್ತಿನವರೆಗೆ ಒಂದು ಮಾತು ಕೇಳಿಲ್ಲ.

ನರಸಿಂಹಪ್ಪ ಕೆಟ್ಟವನೇನಲ್ಲ. ಹೆದರಿದ್ದ, ನಿಮ್ಮ ಹಾಗೆ. ಮುತ್ಯಾಲಮ್ಮನೂ ಹೆದರಿದ್ದಳು. ಹೆದರಿಕೊಂಡೇ ಕೇಳಿದಳು. ಅವತ್ತು ಬೀದಿಯಲ್ಲಿ ಇನ್ನೊಂದು ಬಾಯಿ ಕೇಳಿದ್ದರೆ ಆ ಪೊಟ್ಟಣ ಠಾಣೆ ಸೇರುತ್ತಿತ್ತೇ?

ನಾಳೆ ನಿಮ್ಮ ಅಂಗಡಿಯ ಮುಂದೆ ಆ ದಫೇದಾರನೇ ನಿಂತು ಖಾರ ಕೇಳಬಹುದು, ಹಗ್ಗ ಕೇಳಬಹುದು. ಕೈ ತಕ್ಕಡಿಗೆ ಹೋಗುವ ಮೊದಲು ಯಾತಕ್ಕೆ ಎಂದು ಕೇಳಿ. ಪಕ್ಕದ ಅಂಗಡಿಯವನಿಗೂ ಕೇಳಿಸುವ ಹಾಗೆ ಕೇಳಿ.