ಸೊರಬಕ್ಕೆ ಹೊರಟ ಗುಜರಿ ಆನೆ

ಮನೆಗೊಂದು ಬೈಕು ಇನ್ನೂ ಬಂದಿರದ ಕಾಲ ಅದು. ತೊಂಬತ್ತರ ದಶಕದ ನಡುವಿನ ಮಾತು. ಆನವಟ್ಟಿ ಸಂತೆಗೆ ಬಂದವರ ಸೈಕಲ್ಲು ಪಂಕ್ಚರಾದರೆ ನಿಲ್ಲುತ್ತಿದ್ದದ್ದು ನಿರ್ಮಲಾಳ ಅಪ್ಪನ ಅಂಗಡಿ ಮುಂದೆ. ನಿರ್ಮಲಾ, ನಾನು ಏಳನೇ ಕ್ಲಾಸಿನಲ್ಲಿ ಒಂದೇ ಬೆಂಚು. ಅಂಗಡಿ ಹಿಂದಿನ ಸಂದಿಯಲ್ಲಿ, ಬಿಸಿಲಿಗೆ ಕಾದ ರಬ್ಬರು, ಗ್ರೀಸುಗಳ ವಾಸನೆಯಲ್ಲೇ ನಮ್ಮ ಆಟ. ಮನೆಗೆ ಹೋದರೆ ಅಮ್ಮ, "ಎಂತದೇ ಇದು, ಲಂಗದ ತುಂಬ ಮಸಿ!" ಎಂದು ಬೈಯುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳಪ್ಪ ಅಂಗಡಿ ಮುಚ್ಚಿ, ಶಿಕಾರಿಪುರದಲ್ಲಿದ್ದ ಅಣ್ಣನ ಹಾರ್ಡ್‌ವೇರ್ ಅಂಗಡಿ ಸೇರುವುದೆಂದು ತೀರ್ಮಾನವಾಯಿತು. ಅಂದಿನಿಂದ ನಿರ್ಮಲಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪಾಠದ ನಡುವೆ ಪೆನ್ಸಿಲ್ ಕಚ್ಚುತ್ತಿದ್ದಳು, ಊಟದ ಡಬ್ಬಿ ಅರ್ಧಕ್ಕೇ ಮುಚ್ಚುತ್ತಿದ್ದಳು. ನನಗೂ ಅದೇ ಚಡಪಡಿಕೆ ಅಂಟಿತು. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು, "ಸೊರಬದಲ್ಲಿ ಶಾಲಾ ಮಕ್ಕಳ ವಸ್ತುಪ್ರದರ್ಶನ ಐತ್ರಪ್ಪಾ. ಕಸದಿಂದ ಏನಾದ್ರೂ ಮಾಡ್ರಿ" ಎಂದರು.

"ಆನೆ ಮಾಡಣ," ಎಂದಳು ನಿರ್ಮಲಾ. "ಅಪ್ಪನ ಗುಜರಿ ಎಲ್ಲ ತೂಕಕ್ಕೆ ಹೋಗೋದ್ರೊಳಗೆ."

ಸೊಟ್ಟ ರಿಮ್ಮುಗಳ ಹೊಟ್ಟೆ, ಹರಿದ ಟ್ಯೂಬಿನ ಚರ್ಮ, ಹಳೇ ಸೀಟುಗಳ ಕಿವಿ, ಸೊಂಡಿಲಿಗೆ ತುಂಡು ಚೈನು. ಬೆನ್ನಿಗೆ ಹೊದೆಸುವ ಜೂಲಕ್ಕೆ ಕ್ಯಾಲೆಂಡರು, ಲಗ್ನಪತ್ರಿಕೆ, ಬೀಡಿ ಕಟ್ಟಿನ ಕಾಗದಗಳನ್ನು ಹರಿದು ಹರಿದು ಮೈದಾ ಅಂಟಿನಲ್ಲಿ ಹಚ್ಚಿದೆವು. ಸಂಜೆ ಹಚ್ಚಿದ್ದನ್ನು ಬೆಳಿಗ್ಗೆ ಬಂದು ಅವಳೇ ಕಿತ್ತು ಬೇರೆ ಕಡೆ ಹಚ್ಚುತ್ತಿದ್ದಳು. "ಇರ್ಲಿ ಬಿಡೇ ಮಾರಾಯ್ತಿ" ಎಂದರೆ ಕೇಳಬೇಕಲ್ಲ!

ಪ್ರದರ್ಶನದ ದಿನ ಕಂಡಕ್ಟರು ಆನೆಯನ್ನು ಬಸ್ಸಿನೊಳಗೆ ಬಿಡಲಿಲ್ಲ. "ಟಾಪಿಗೆ ಹಾಕ್ರಿ ಮೇಷ್ಟ್ರೇ" ಎಂದರು. ದಾರಿಯುದ್ದಕ್ಕೂ ತಲೆಯ ಮೇಲೆ ಗಡಗಡ ಸದ್ದು. ಗುಂಡಿ ಬಂದಾಗಲೆಲ್ಲ ನಿರ್ಮಲಾ ಎದ್ದು ಕಿಟಕಿಯಾಚೆ ಕತ್ತು ಚಾಚುತ್ತಿದ್ದಳು. ಸೊರಬದ ಸ್ಟ್ಯಾಂಡಿನಲ್ಲಿ ಇಳಿಸುವಾಗ ಹಗ್ಗ ಜಾರಿತು. ಆನೆ ಅಂಗಾತ ಬಿತ್ತು. ಒಂದು ರಿಮ್ಮು ಉರುಳಿಕೊಂಡು ಹೋಗಿ ಹೋಟೆಲಿನ ಮುಂದೆ ಮಲಗಿತು. ಜನ ಸುತ್ತ ಸೇರಿ ನಕ್ಕರು. ನಾನು ಅಳತೊಡಗಿದೆ.

"ಅತ್ರೆ ಆನೆ ಏಳ್ತೈತೇನೇ? ಬಾ ಇಲ್ಲಿ, ಹಿಡ್ಕ."

ನಿರ್ಮಲಾ ಆಗಲೇ ಮಣ್ಣಿನಲ್ಲಿ ಮಂಡಿಯೂರಿದ್ದಳು. ಮುರಿದ ಕಾಲಿಗೆ ಎಳನೀರಿನ ಬುರುಡೆ ಒತ್ತಿಟ್ಟಳು. ಕಳಚಿಹೋದ ಕಣ್ಣಿಗೆ ಸೋಡಾ ಬಾಟ್ಲಿಯ ಮುಚ್ಚಳ. ಹೂ ಮಾರುವಾಕೆಯ ಹತ್ತಿರ ಬಾಳೆನಾರು ಕೇಳಿ ತಂದು ಎಲ್ಲ ಬಿಗಿದಳು. ಹರಿದ ಜೂಲಕ್ಕೆ ನಾನು ನೆಲದ ಮೇಲಿನ ಬಸ್ ಟಿಕೀಟು ಆರಿಸಿಕೊಟ್ಟೆ. "ಟೈಮಾತು ಕಣ್ರಮ್ಮಾ" ಎನ್ನುತ್ತಲೇ ಇದ್ದ ಮೇಷ್ಟ್ರು ಕೊನೆಗೆ ತಾವೂ ತೋಳು ಮಡಚಿ ಕೂತರು. ಏನು ಮಾಡಿದರೂ ಹಿಂಗಾಲು ನಿಲ್ಲಲಿಲ್ಲ.

ಥರ್ಮಾಕೋಲಿನ ಬಿಳಿ ದೇವಸ್ಥಾನ, ಬೆಂಕಿಕಡ್ಡಿಯ ಮನೆಗಳ ನಡುವೆ ಧೂಳು ಮೆತ್ತಿದ ನಮ್ಮ ಆನೆಯನ್ನಿಟ್ಟೆವು. ತೀರ್ಪುಗಾರರು ಬಂದು ಕೇಳಿದರು, "ಇದ್ಯಾಕಮ್ಮ ಕೂತ್ಬಿಟ್ಟಿದೆ?"

"ಕೂತಿಲ್ಲ ಸಾರ್," ಎಂದಳು ನಿರ್ಮಲಾ. "ಬಿದ್ದಿತ್ತು. ಈಗ ಏಳ್ತಾ ಐತಿ."

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಹಿಂಗಾಲನ್ನು ನೋಡಿದರು. ಬಹುಮಾನ ದೇವಸ್ಥಾನಕ್ಕೇ ಹೋಯಿತು.

ವಾಪಸ್ ಬಸ್ಸಿನಲ್ಲಿ ವಿಪರೀತ ರಶ್ಶು. ಇನ್ನೊಮ್ಮೆ ಟಾಪು ಹತ್ತಲಾರದ ಆನೆಯನ್ನು ಪ್ರದರ್ಶನ ನಡೆದ ಶಾಲೆಯ ಅಂಗಳದಲ್ಲೇ ಬಿಟ್ಟು ಬಂದಿದ್ದೆವು. ನಾನು ಮುಖ ಊದಿಸಿಕೊಂಡಿದ್ದೆ. ನಿರ್ಮಲಾ ಮಾತ್ರ ನಿಂತಲ್ಲೇ ನನ್ನ ಹೆಗಲಿಗೊರಗಿ ತೂಕಡಿಸಿದಳು. ಎಷ್ಟೋ ದಿನಗಳ ಮೇಲೆ ಅವಳ ಕೈಗಳು ಸುಮ್ಮನಿದ್ದವು.

ಸಂಕ್ರಾಂತಿಗೆ ಮೊದಲೇ ಅವರು ಊರು ಬಿಟ್ಟರು. ವರ್ಷಗಳ ನಂತರ ಶಿಕಾರಿಪುರಕ್ಕೆ ಮದುವೆಗೆಂದು ಹೋದವಳು ಅವಳ ದೊಡ್ಡಪ್ಪನ ಅಂಗಡಿ ಹುಡುಕಿದೆ. ಅಂಗಡಿ ಸಿಕ್ಕಿತು. ಅವಳು ಲಗ್ನವಾಗಿ ಹಾನಗಲ್ ಕಡೆ ಹೋದಳೆಂದರು.

ಈಗ ನನ್ನ ಮಗಳು ಶಾಲೆಯ ಪ್ರದರ್ಶನಕ್ಕೆಂದು ಅಂಗಡಿಯಿಂದ ತಂದ ಪೊಟ್ಟಣ ಬಿಚ್ಚಿ, ಮೊದಲೇ ಕತ್ತರಿಸಿಟ್ಟ ತುಂಡುಗಳನ್ನು ಚಿತ್ರ ನೋಡಿಕೊಂಡು ಜೋಡಿಸುತ್ತಾಳೆ. ಅಂದವಾಗಿಯೇ ಇರುತ್ತದೆ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಮೊನ್ನೆ ಪೇಟೆಬೀದಿಯಲ್ಲಿ ಕೈಚೀಲ ಹರಿದು ಸಾಮಾನೆಲ್ಲ ಚೆಲ್ಲಿತು. ನಿರ್ಮಲಾಳಂತೆ ತಟ್ಟನೆ ಮಂಡಿಯೂರಿ ಆರಿಸುವ ಬದಲು ನಾನು ತಲೆಯೆತ್ತಿ ನೋಡಿದೆ: ಯಾರು ನೋಡಿದರು, ಯಾರು ನಕ್ಕರು ಎಂದು.