ರೆಮೀಹಿಯಾಳ ರಕ್ತದಲ್ಲಿ ಸಿಕ್ಕಿದ್ದು

ಮೆರಿದಾ ಊರಿನ ಟೊರ್ಟಿಯಾ ಅಂಗಡಿಯಲ್ಲಿ, ಮೆಕ್ಕೆಜೋಳದ ರೊಟ್ಟಿ ಬೇಯಿಸುವ ಕಾದ ಯಂತ್ರದ ಮುಂದೆ ನಿಂತು ನಿಂತೇ ರೆಮೀಹಿಯಾ ಕಾಂಚೆಗೆ ಐವತ್ತು ದಾಟಿತ್ತು. ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಂಡವಳಲ್ಲ. ಕಾಯಿಲೆಯೆಲ್ಲ ಒಂದೇ ಮನೆಯಲ್ಲಿದ್ದ ಅಕ್ಕ ನೀದಿಯಾಳ ಪಾಲಿಗೆ ಬಂದಿತ್ತು. ಮೈಯೇ ತನ್ನ ಕೀಲುಗಳ ಮೇಲೆ ಬೀಳುವಂಥ ಕೀಲುವಾತದಿಂದ ಅಕ್ಕನ ಬೆರಳುಗಳು ಊದಿ, ಲೋಟ ಎತ್ತುವುದೂ ಕಷ್ಟವಾಗಿತ್ತು.

"ನಿನಗೇನು ಬಿಡೇ, ಗುಂಡುಕಲ್ಲಿನ ಹಾಗಿದ್ದೀಯ," ಎಂದು ಅವಳು ತಂಗಿಯನ್ನು ಚುಚ್ಚುತ್ತಿದ್ದಳು.

ಒಮ್ಮೆ ಆಸ್ಪತ್ರೆಗೆ ಅಕ್ಕನ ಜೊತೆ ಹೋದಾಗ, ಸಂಶೋಧನೆಗೆ ಆರೋಗ್ಯವಂತರ ರಕ್ತವೂ ಬೇಕೆಂದು ಡಾಕ್ಟರ್ ಸೆಬಾಯೋಸ್ ಕೇಳಿದರು. ರೆಮೀಹಿಯಾ ತೋಳು ಚಾಚಿದಳು.

ಮುಂದಿನ ಸಲ ಡಾಕ್ಟರ್ ರಜೆಯಲ್ಲಿದ್ದರು. ಪ್ರಯೋಗಾಲಯದ ಹುಡುಗಿಯೇ ಹೇಳಿದಳು: "ಮೈಗೆ ಕಾವು ತಾಗಿದಾಗ ಜೀವಕೋಶ ತನ್ನನ್ನು ಕಾಪಾಡಿಕೊಳ್ಳೋಕೆ ಒಂದು ಪ್ರೋಟೀನು ಮಾಡುತ್ತೆ. ಅದರ ವಿರುದ್ಧ ನಿಮ್ಮ ರಕ್ತದಲ್ಲಿ ಪ್ರತಿಕಾಯ ಇದೆ. ನಿಮ್ಮ ಅಕ್ಕನಿಗೂ ಇದೆ."

"ಅಂದ್ರೆ ನನ್ನ ಮೈಯೇ ನನ್ನ ಮೇಲೆ ಬಿದ್ದಿದೆಯಾ?"

"ಡಾಕ್ಟರ್ ಬಂದ್ಮೇಲೆ ಕೇಳಿ."

ರೆಮೀಹಿಯಾ ಮನೆಗೆ ಬಂದು, ಮಂಚದ ಬದಲು ತೂಗುಹಾಕಿದ್ದ ಬಲೆಯ ಜೋಲಿಯಲ್ಲಿ ಮಲಗಿದಳು. ಅಂಗಡಿಗೆ ಹೋಗಲಿಲ್ಲ. ಅಕ್ಕ ಎದ್ದು ಕೋಳಿಸಾರು ಮಾಡಿ, ನಿಂಬೆ ಹಿಂಡಿ, ಬಟ್ಟಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದಳು. ಒಂದು ಬಟ್ಟಲು ಎತ್ತಲು ಇಷ್ಟು ಕಷ್ಟವೆಂದು ತಂಗಿಗೆ ಗೊತ್ತಿರಲಿಲ್ಲ. ಅವಳು ಬೆಳಗಾಗುವ ಮುಂಚೆ ಹೊರಟು ಸಂಜೆ ಮರಳುವವಳು.

"ಮೊದಲನೇ ವರ್ಷ ಹೆದರಿಕೆ ಆಗುತ್ತೆ," ಎಂದಳು ಅಕ್ಕ. "ಆಮೇಲೆ ಬೇಜಾರು ಅಷ್ಟೆ."

ವಾರ ಕಳೆದು ಡಾಕ್ಟರ್ ರಜೆಯಿಂದ ಮರಳಿದರು; ರೆಮೀಹಿಯಾ ಆಸ್ಪತ್ರೆಗೆ ಹೋದಳು. "ಯಾರು ಹೆದರಿಸಿದ್ದು ನಿಮ್ಮನ್ನ? ಈ ಪ್ರತಿಕಾಯ ಆರೋಗ್ಯವಾಗಿರೋರಲ್ಲೂ ಇರುತ್ತೆ. ನನ್ನ ರಕ್ತದಲ್ಲೂ ಸಿಕ್ಕಿದೆ."

"ಏನು ಮಾಡುತ್ತೆ ಅದು?"

"ಪೂರ್ತಿ ಗೊತ್ತಿಲ್ಲ. ಒಳಗೆ ಕಸ ಗುಡಿಸೋ ಕೆಲಸ ಇರಬಹುದು."

"ಹಾಗಾದ್ರೆ ನನಗೇನೂ ಇಲ್ವಾ?"

"ಏನೂ ಇಲ್ಲಮ್ಮ."

ರೆಮೀಹಿಯಾಳಿಗೆ ಸಮಾಧಾನವಾಯಿತು. ಮನೆಗೆ ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವಳು ಏನೂ ಹೇಳದೆ ಜೋಲಿ ಹತ್ತಿದಳು. ಮಾರನೆಯ ದಿನವೂ ಮಲಗಿದ್ದು, ಅಕ್ಕ ಹೇಳುವ ಪಕ್ಕದ ಮನೆಯ ಜಗಳದ ಕಥೆಯನ್ನು ಕೊನೆಯವರೆಗೆ ಕೇಳಿದಳು. ಅದರ ಮರುದಿನ ನಿಜ ಹೇಳಿದಳು.

"ಗೊತ್ತಿತ್ತು," ಎಂದಳು ನೀದಿಯಾ. "ಕಾಯಿಲೆಯವಳು ಮೂರು ಬಟ್ಟಲು ಸಾರು ಕುಡೀತಾಳಾ?"

"ಮತ್ತೆ ಯಾಕೆ ಮಾಡಿಕೊಟ್ಟೆ?"

"ಮಾತಾಡೋಕೆ ಮನೇಲಿ ಒಬ್ಬಳು ಸಿಕ್ಕಿದ್ಲಲ್ಲ."

ರೆಮೀಹಿಯಾ ಮತ್ತೆ ಕೆಲಸಕ್ಕೆ ಹೋದಳು. ಆದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆಂದು ಅಂಗಡಿಯವನಿಗೆ ಹೇಳಿಬಿಟ್ಟಳು. ಅವನು ಗೊಣಗಿದ, ಅವಳು ಕೇಳಿಸಿಕೊಳ್ಳಲಿಲ್ಲ.