ಒಂದು ಲೀಟರಿಗೆ ಎಷ್ಟು ಸೆಕೆಂಡು

ಮಣಿಪಾಲದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಬರೀ ಫ್ಯಾನಿನ ಗಾಳಿ ಸಾಲದ ದೊಡ್ಡ ಕಂಪ್ಯೂಟರುಗಳಿಗೆ ನೀರಿನಿಂದ ತಂಪು ಮಾಡುವ ವ್ಯವಸ್ಥೆಯನ್ನು ಜೋಡಿಸಿಕೊಡುತ್ತೇನೆ. ಮುಷ್ಟಿಯಷ್ಟು ದೊಡ್ಡ ಪಂಪೊಂದು ನೀರನ್ನು ಪ್ರೊಸೆಸರಿನ ಮೇಲಿನ ತಾಮ್ರದ ಬ್ಲಾಕಿನೊಳಗೆ ಹಾಯಿಸಿ, ರೇಡಿಯೇಟರಿನಲ್ಲಿ ತಣಿಸಿ, ಮತ್ತೆ ಸುತ್ತಿಸುತ್ತದೆ.

ಗಲ್ಫಿನಿಂದ ಮರಳಿ ಕಾಪುವಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಶುರುಮಾಡಿದ್ದ ಒಬ್ಬರು ಅಂಥದ್ದೊಂದನ್ನು ಮಾಡಿಸಲು ಬಂದರು. ಪಂಪನ್ನು ಅವರೇ ತಂದಿದ್ದರು. ನಾನು ಬೇರೆಯದನ್ನು ತೋರಿಸಿದೆ.

"ಗಂಟೆಗೆ ಎಷ್ಟು ಲೀಟರ್ ಅಂತ ಪೆಟ್ಟಿಗೆಯಲ್ಲೇ ಬರೆದುಂಟಲ್ಲ ಮೇಡಂ. ನಿಮ್ಮದು ತುಂಬ ಕಡಿಮೆ. ಪಂಪಿನ ವಿಷಯ ಗೊತ್ತಿರುವವರನ್ನು ಯಾರನ್ನಾದರೂ ಕೇಳುವ, ಅಲ್ವಾ?"

ಒರಟಾಗಿ ಹೇಳಿದ್ದಲ್ಲ, ಆದರೂ ಚುಚ್ಚಿತು. ಬೆಳ್ಮಣ್‌ನಲ್ಲಿ ಅಪ್ಪನ ಪಂಪ್‌ಸೆಟ್ ರಿಪೇರಿ ಶೆಡ್ಡಿನಲ್ಲಿ ಬೆಳೆದವಳು ನಾನು. ಅಪ್ಪ ಅಂದು ಕಣ್ಣು ತೋರಿಸಲು ಬಂದವರು ಅಂಗಡಿಯ ಮೂಲೆಯಲ್ಲೇ ಕುಳಿತಿದ್ದರು. ನಾನು ಅವರತ್ತ ತಿರುಗಿದೆ.

"ನನ್ನನ್ನು ಯಾಕೆ ನೋಡ್ತೀ ಮಗಾ? ಅಳೆದು ತೋರಿಸು," ಎಂದರು.

ಮೊದಲು ಎರಡೂ ಪಂಪುಗಳಿಂದ ಬಕೆಟ್ಟಿಗೆ ನೀರು ಬಿಟ್ಟೆ. ಕಾಪುವಿನವರದು ಭರ್ರನೆ ತುಂಬಿಸಿತು, ನನ್ನದು ಹಿಂದೆ ಬಿತ್ತು. ಅವರು ನಕ್ಕರು. ನಾನು ಬ್ಲಾಕು, ಎರಡು ರೇಡಿಯೇಟರು, ಪೈಪು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ, ಕೊನೆಯ ಪೈಪಿನ ತುದಿಯನ್ನು ಒಂದು ಲೀಟರಿನ ಜಗ್ಗಿಗೆ ಇಳಿಬಿಟ್ಟೆ. ಸಮಯ ನೋಡುವ ಕೆಲಸ ಅವರ ಮೊಬೈಲಿಗೇ ಬಿಟ್ಟೆ.

ಅವರ ಪಂಪಿಗೆ ಜಗ್ ತುಂಬಲು ಹತ್ತೊಂಬತ್ತು ಸೆಕೆಂಡು ಬೇಕಾಯಿತು. ನನ್ನದಕ್ಕೆ ಹದಿನಾಲ್ಕು. ಅವರು ನಂಬಲಿಲ್ಲ. ಮತ್ತೆರಡು ಸಲ ಅಳೆದೆವು. ಹೆಚ್ಚು ಕಡಿಮೆ ಅಷ್ಟೇ ಬಂತು.

"ಇದೆಂತ ಮಾರಾಯ್ರೆ! ಪೆಟ್ಟಿಗೆಯಲ್ಲಿ ಬರೆದದ್ದು ಸುಳ್ಳಾ?"

"ಸುಳ್ಳಲ್ಲ ಸರ್. ಅದು ಅಡ್ಡಿಯೇ ಇಲ್ಲದಾಗಿನ ಲೆಕ್ಕ. ಬ್ಲಾಕಿನೊಳಗಿನ ಸಂದುಗಳು ಕೂದಲೆಳೆಯಷ್ಟು ಸಣ್ಣ. ಅಲ್ಲಿ ನೀರನ್ನು ನೂಕುವ ಬಲ ಬೇಕು. ನಿಮ್ಮ ಪಂಪಿಗೆ ಅದು ಕಡಿಮೆ."

ಅವರು ಅಪ್ಪನ ಕಡೆ ನೋಡಿದರು. "ನಿಮಗೂ ಪಂಪಿನ ಕೆಲಸ ಗೊತ್ತುಂಟಾ?"

"ಗುಡ್ಡೆ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವುದು ಗೊತ್ತುಂಟು. ಇಷ್ಟು ಸಣ್ಣದು ಗೊತ್ತಿಲ್ಲ. ಅದು ಅವಳಿಗೇ ಗೊತ್ತು."

ಹಿಂದೆ ಯಾರೆದುರೂ ಅಪ್ಪ ನನ್ನ ಬಗ್ಗೆ ಹಾಗೆ ಹೇಳಿದ್ದಿಲ್ಲ. ಕಣ್ಣು ತುಂಬಿ ಬಂತು. ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ಒರೆಸುತ್ತ ನಿಂತೆ.

ಕಾಪುವಿನವರು ನನ್ನ ಪಂಪನ್ನೇ ಹಾಕಿಸಿಕೊಂಡರು. ಆಮೇಲೆ ಕಾರ್ಕಳದ ಅವರ ಗೆಳೆಯರೊಬ್ಬರು ಬಂದು, "ನೀವು ಅಳೆದು ತೋರಿಸ್ತೀರಂತಲ್ಲ," ಎಂದಾಗ ಜಗ್ಗನ್ನು ಕಪಾಟಿನಿಂದ ಹೊರತೆಗೆದೆ.

ಪಂಪು ಅಳೆದು ತೋರಿಸಿದ ಆ ಮೊದಲ ದಿನ ಸಂಜೆಯೇ ಅಪ್ಪನನ್ನು ಉಡುಪಿಯಲ್ಲಿ ಬಸ್ಸು ಹತ್ತಿಸಿದೆ. ಸೀಟಿನಲ್ಲಿ ಕುಳಿತವರು ಕಿಟಕಿಯಿಂದ ಬಗ್ಗಿ, "ನಿನ್ನ ಆ ಕೆಲಸಕ್ಕೆ ಎಂತ ಹೇಳುವುದು? ಶೆಡ್ಡಿಗೆ ಬಂದವರಿಗೆ ಸರಿಯಾಗಿ ಹೇಳಬೇಕಲ್ಲ," ಎಂದರು.

"ವಾಟರ್ ಕೂಲಿಂಗ್, ಅಪ್ಪ."

ಬಸ್ಸು ಹೊರಡುವವರೆಗೂ ಅವರು ಅದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು.